ಕುಡಿಯುವ ನೀರಿನ ರೇಡಾನ್: ಅಳತೆ ಶುರುವಾಗುವುದು ನಲ್ಲಿಯ ಬಾಯಲ್ಲಿ

ಬೋರ್‌ವೆಲ್ ಕೊರೆಸಿದವರು, ನೀರು ಬಿದ್ದ ಸಂಭ್ರಮ ಸ್ವಲ್ಪ ತಣಿದ ಮೇಲೆ, ಒಂದು ಬಾಟಲಿ ತುಂಬಿಕೊಂಡು ಹೋಗಿ ಪರೀಕ್ಷೆಗೆ ಕೊಡುತ್ತಾರೆ. ನಾಲ್ಕಾರು ದಿನಕ್ಕೆ ವರದಿ ಕೈಗೆ ಬರುತ್ತದೆ. ಗಡಸುತನ ಇಷ್ಟು, ಫ್ಲೋರೈಡ್ ಇಷ್ಟು, ನೈಟ್ರೇಟ್ ಇಷ್ಟು, ಕಬ್ಬಿಣ ಇಷ್ಟು. ಆ ಪಟ್ಟಿಯಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಇದು ಪ್ರಯೋಗಾಲಯದವರ ಉದಾಸೀನ ಅಂದುಕೊಳ್ಳಬೇಡಿ. ನಾವು ತುಂಬಿದ ರೀತಿಗೆ, ಒಯ್ದ ರೀತಿಗೆ, ಆ ಬಾಟಲಿಯಲ್ಲಿ ಅಳೆಯುವಷ್ಟು ರೇಡಾನ್ ಉಳಿದಿರುವುದೇ ಅನುಮಾನ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕವಾದ ಐಎಸ್ 10500ರಲ್ಲಿ ವಿಕಿರಣದ ಮಾತು ಇದೆ. ಲೀಟರಿಗೆ ಒಟ್ಟು ಆಲ್ಫಾ ವಿಕಿರಣ 0.1 ಬೆಕ್ವೆರೆಲ್, ಒಟ್ಟು ಬೀಟಾ 1 ಬೆಕ್ವೆರೆಲ್ ಮೀರಬಾರದು ಎನ್ನುತ್ತದೆ ಅದು. ಒಂದು ಬೆಕ್ವೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. ಈ ಒಟ್ಟು ಆಲ್ಫಾವನ್ನು ಅಳೆಯುವ ಸಾಮಾನ್ಯ ವಿಧಾನದಲ್ಲಿ ನೀರನ್ನು ಕಾಯಿಸಿ ಆವಿ ಮಾಡಿ, ತಳದಲ್ಲಿ ಉಳಿದ ಉಪ್ಪಿನ ಪದರವನ್ನು ಎಣಿಕೆಯ ಯಂತ್ರದ ಕೆಳಗೆ ಇಡುತ್ತಾರೆ. ಯುರೇನಿಯಂ, ರೇಡಿಯಂ ಆ ಪದರದಲ್ಲಿ ಉಳಿಯುತ್ತವೆ. ರೇಡಾನ್ ಅನಿಲ. ಪಾತ್ರೆ ಬಿಸಿಯಾಗುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಹೀಗೆ ಆಲ್ಫಾ ಪರೀಕ್ಷೆಯಲ್ಲಿ ಪಾಸಾದ ನೀರಿನ ರೇಡಾನ್ ಬಗ್ಗೆ ಆ ವರದಿ ಏನನ್ನೂ ಹೇಳಿರುವುದಿಲ್ಲ. ಅದಕ್ಕೆ ಬೇರೆಯೇ ವಿಧಾನ ಬೇಕು. ಆ ವಿಧಾನದಲ್ಲಿ ಅತಿ ಮುಖ್ಯವಾದ ಕೆಲಸ ಯಂತ್ರದ ಮುಂದೆ ಅಲ್ಲ, ನಲ್ಲಿಯ ಮುಂದೆ ನಡೆಯುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಮೊದಲು ಈ ಅನಿಲ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಎಲ್ಲ ಬಂಡೆಯಲ್ಲೂ ಒಂದಿಷ್ಟು ಯುರೇನಿಯಂ ಇರುತ್ತದೆ, ಗ್ರಾನೈಟಿನಲ್ಲಿ ತುಸು ಹೆಚ್ಚು. ಅದು ಹಂತ ಹಂತವಾಗಿ ಒಡೆಯುತ್ತಾ ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ರೇಡಿಯಂ ಪರಮಾಣು ಆಲ್ಫಾ ಕಣವನ್ನು ಒಂದು ಕಡೆಗೆ ಚಿಮ್ಮಿಸಿದಾಗ, ಹೊಸದಾಗಿ ಹುಟ್ಟಿದ ರೇಡಾನ್ ಪರಮಾಣು ಹಿಂದಕ್ಕೆ ಒದೆಸಿಕೊಳ್ಳುತ್ತದೆ. ಕಲ್ಲಿನೊಳಗೆ ಅದು ಸರಿಯುವ ದೂರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಎಷ್ಟೋ ಕಡಿಮೆ. ಆದ್ದರಿಂದ ಕಲ್ಲಿನ ಕಣದ ಮೇಲ್ಮೈಗೆ ಅಂಟಿಕೊಂಡಂತೆ ಹುಟ್ಟಿದ ಪರಮಾಣುವಿಗೆ ಮಾತ್ರ ಹೊರಬಂದು ಪಕ್ಕದ ನೀರನ್ನು ಸೇರುವ ಅವಕಾಶ. ಬಂಡೆಯ ಬಿರುಕುಗಳಲ್ಲಿ ನಿಂತ ನೀರಿಗೆ ಅಂಥ ಮೇಲ್ಮೈ ಧಾರಾಳ. ನೀರು ಕಡಿಮೆ, ಅದನ್ನು ಸುತ್ತುವರಿದ ಕಲ್ಲಿನ ಗೋಡೆ ಹೆಚ್ಚು.

ನಮ್ಮ ರಾಜ್ಯದ ದಕ್ಷಿಣ ಭಾಗದ ನೆಲವೆಲ್ಲ ಹೀಗೇ. ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ ಕಡೆ ಕೆಳಗಿರುವುದು ಬಹುಪಾಲು ನೈಸ್ ಶಿಲೆ. ಅದನ್ನು ಸೀಳಿಕೊಂಡು ಉತ್ತರ-ದಕ್ಷಿಣವಾಗಿ ಸಾಗುವುದು ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ. ಈಗಿನ ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಆ ಊರಿನ ಸುತ್ತಲ ಬೋಳು ಬೆಟ್ಟಗಳು ಈ ಗ್ರಾನೈಟಿನವೇ. ಸುಮಾರು 250 ಕೋಟಿ ವರ್ಷ ಹಳೆಯವು. ಇಲ್ಲಿ ತೆರೆದ ಬಾವಿಗಳು ಬತ್ತಿ ದಶಕಗಳೇ ಆದವು. ಸಾವಿರ ಅಡಿ, ಅದಕ್ಕೂ ಕೆಳಗೆ ಹೋಗಿ ಬಿರುಕಿನಲ್ಲಿ ಸಿಕ್ಕಿದ್ದನ್ನು ಮೇಲೆತ್ತುತ್ತಿದ್ದೇವೆ. ತೆರೆದ ಬಾವಿಯ ನೀರು ಗಾಳಿಗೆ ಒಡ್ಡಿಕೊಂಡೇ ಇರುತ್ತಿತ್ತು. ಬಂದ ಅನಿಲ ಮೇಲಿಂದ ಮೇಲೆ ಹೋಗುತ್ತಿತ್ತು. ಕೊಳವೆಬಾವಿಯ ನೀರು ಪಂಪಿನಿಂದ ನೇರವಾಗಿ ಕೊಳಾಯಿಗೆ ಬರುತ್ತದೆ, ಗಾಳಿಯ ಮುಖವನ್ನೇ ಕಾಣದೆ.

ನೀರಿನಲ್ಲಿ ಇಂಥದೊಂದು ಅನಿಲ ಇದೆಯೆಂದು ಮೊದಲು ಗುರುತಿಸಿದವರಲ್ಲಿ ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ ಒಬ್ಬರು. ಕೇಂಬ್ರಿಜಿನ ಕೊಳಾಯಿಗೆ ಆಳದ ಬಾವಿಗಳ ನೀರು ಬರುತ್ತಿತ್ತು. ಅದನ್ನು ಕುದಿಸಿದಾಗ ಹೊರಬಿದ್ದ ಗಾಳಿ ವಿಕಿರಣಶೀಲವಾಗಿತ್ತೆಂದು ಅವರು 1903ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಯುರೋಪಿನಲ್ಲಿ ಚಿಲುಮೆಗಳ ನೀರನ್ನೆಲ್ಲ ಅಳೆಯುವ ಹುಮ್ಮಸ್ಸು ಹಬ್ಬಿತು. ಆದರೆ ಆಗ ಅಳೆದದ್ದು ಭಯದಿಂದಲ್ಲ. ವಿಕಿರಣ ಹೆಚ್ಚಿದ್ದಷ್ಟೂ ಆರೋಗ್ಯಕ್ಕೆ ಒಳ್ಳೆಯದೆಂದು ಜನ ನಂಬಿದ್ದ ಕಾಲ ಅದು. ವಿಯೆನ್ನಾದ ಹೈನ್‌ರಿಶ್ ಮಾಖೆ ಎಂಬ ಭೌತವಿಜ್ಞಾನಿಯ ಹೆಸರಿನಲ್ಲಿ ಚಿಲುಮೆ ನೀರಿನ ರೇಡಾನಿಗೆಂದೇ ಒಂದು ಅಳತೆಯ ಮಾನ ಬಂತು. ಒಂದು ಮಾಖೆ ಎಂದರೆ ಇಂದಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 13.5 ಬೆಕ್ವೆರೆಲ್. ಚಿಲುಮೆಯ ನೀರನ್ನು ಬಾಟಲಿಗೆ ತುಂಬಿ ದೂರದೂರಿಗೆ ಕಳಿಸಿದರೆ ಕೆಲವೇ ದಿನಗಳಲ್ಲಿ ಅದರ ವಿಕಿರಣ ಇಳಿದುಹೋಗುತ್ತದೆ ಎಂಬುದನ್ನೂ ಆಗಿನವರು ಕಂಡುಕೊಂಡರು. ಕಳೆದುಹೋದ 'ಗುಣ'ವನ್ನು ಮರಳಿ ತುಂಬಲಿಕ್ಕೆಂದು ಅಮೆರಿಕದಲ್ಲಿ ರೆವಿಗೇಟರ್ ಎಂಬ ಜಾಡಿ ಮಾರಾಟಕ್ಕೆ ಬಂತು. ಒಳಗೋಡೆಗೆ ಯುರೇನಿಯಂ ಅದಿರು ಹಚ್ಚಿದ ಜಾಡಿ ಅದು. ರಾತ್ರಿ ನೀರು ತುಂಬಿಟ್ಟು ಮರುದಿನ ಕುಡಿಯಬೇಕಿತ್ತು. ಎಷ್ಟು ಮನೆಗಳ ಮಕ್ಕಳು ಅದರಿಂದ ನೀರು ಕುಡಿದರೋ ಎಂದು ನೆನೆದರೆ ಸಂಕಟವಾಗುತ್ತದೆ. ಸಂಖ್ಯೆಯನ್ನು ಸರಿಯಾಗಿ ಅಳೆದಿದ್ದರು. ಅದಕ್ಕೆ ಕೊಟ್ಟ ಅರ್ಥ ಮಾತ್ರ ತಲೆಕೆಳಗಾಗಿತ್ತು.

ಬಾಟಲಿಯಲ್ಲಿ ನಡೆಯುವುದು ಎರಡು ಬಗೆಯ ನಷ್ಟ. ಒಂದು ಕಾಲದ್ದು. ರೇಡಾನಿನ ಅರ್ಧಾಯುಷ್ಯ 3.82 ದಿನ. ಎಷ್ಟೇ ಭದ್ರವಾಗಿ ಮುಚ್ಚಿಟ್ಟರೂ ಒಂದು ದಿನ ಕಳೆಯುವಾಗ ನೂರರಲ್ಲಿ 83 ಉಳಿಯುತ್ತದೆ, ನಾಲ್ಕನೆಯ ದಿನ ಅರ್ಧ, ಹದಿಮೂರನೆಯ ದಿನದ ಹೊತ್ತಿಗೆ ಹತ್ತನೆಯ ಒಂದು ಭಾಗ. ಈ ನಷ್ಟಕ್ಕೆ ಅಂಜಬೇಕಾಗಿಲ್ಲ. ಇದು ಗಡಿಯಾರದಷ್ಟು ಕರಾರುವಾಕ್ಕು. ನೀರು ತುಂಬಿದ ಗಂಟೆ, ನಿಮಿಷ ಬರೆದಿಟ್ಟಿದ್ದರೆ ಹಿಂದಕ್ಕೆ ಲೆಕ್ಕ ಹಾಕಿ ಸರಿಪಡಿಸಬಹುದು. ಬಾಟಲಿಯ ಮೇಲೆ ಬರೀ ತಾರೀಖು ಬರೆದು ವೇಳೆ ಬರೆಯದೆ ಬಿಟ್ಟವರ ನೀರನ್ನು ಅಳೆಯುವವರು ಒಳಗೊಳಗೇ ನೊಂದುಕೊಳ್ಳುತ್ತಾರೆ.

ಎರಡನೆಯದು ಗಾಳಿಯ ಪಾಲಾಗುವ ನಷ್ಟ. ಇದನ್ನು ಆಮೇಲೆ ಯಾವ ಲೆಕ್ಕದಿಂದಲೂ ಸರಿಪಡಿಸಲಾಗದು. ಸೋಡಾ ಬಾಟಲಿಯ ಮುಚ್ಚಳ ತೆಗೆದರೆ ಏನಾಗುತ್ತದೆಯೋ ಇಲ್ಲೂ ಅದೇ, ಕಣ್ಣಿಗೆ ಗುಳ್ಳೆ ಕಾಣುವುದಿಲ್ಲ ಅಷ್ಟೆ. ಸಾಧಾರಣ ಉಷ್ಣತೆಯಲ್ಲಿ ಗಾಳಿಯೂ ನೀರೂ ಒಟ್ಟಿಗಿದ್ದರೆ, ಅದೇ ಗಾತ್ರದ ನೀರಿನಲ್ಲಿ ನಿಲ್ಲುವುದರ ನಾಲ್ಕು ಪಟ್ಟು ರೇಡಾನ್ ಗಾಳಿಯಲ್ಲಿ ನಿಲ್ಲುತ್ತದೆ. ಇದರ ಪರಿಣಾಮ ನೋಡಿ. ಬಾಟಲಿ ಅರ್ಧ ತುಂಬಿ ಮುಚ್ಚಿ ಕುಲುಕಿದರೆ ರೇಡಾನಿನಲ್ಲಿ ಐದರ ನಾಲ್ಕು ಪಾಲು ಮೇಲಿನ ಗಾಳಿಗೆ ಹೋಯಿತು. ಅರ್ಧ ಬಾಟಲಿಯ ಮಾತು ಬಿಡಿ. 250 ಮಿಲಿಲೀಟರ್ ಬಾಟಲಿಯ ಕತ್ತಿನಲ್ಲಿ ಎರಡು ಚಮಚದಷ್ಟು, ಎಂದರೆ 10 ಮಿಲಿಲೀಟರ್ ಗಾಳಿ ಉಳಿದರೂ ದಾರಿಯ ಕುಲುಕಾಟದಲ್ಲಿ ನೂರಕ್ಕೆ ಹದಿನಾಲ್ಕು ಭಾಗ ಅದರೊಳಗೆ ಸೇರಿಕೊಳ್ಳುತ್ತದೆ. ಮುಚ್ಚಳ ತೆಗೆದ ಕ್ಷಣ ಅದು ನಮ್ಮ ಕೈತಪ್ಪಿತು.

ಅದಕ್ಕೇ ನೀರು ತುಂಬುವ ಕೆಲಸವನ್ನು ನಿಧಾನವಾಗಿ ವಿವರಿಸುತ್ತೇನೆ. ಕೊಳವೆಬಾವಿಯಿಂದ ತೆಗೆಯುವುದಾದರೆ ಮೊದಲು ಪಂಪು ಓಡಬೇಕು. ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಬಂಡೆಯ ನೀರಲ್ಲ. ಅದೆಲ್ಲ ಹೋಗಿ, ಕೈಗೆ ತಗಲುವ ನೀರಿನ ತಣ್ಪು ಬದಲಾಗದೆ ನಿಲ್ಲುವ ತನಕ ಬಿಡಬೇಕು. ನಲ್ಲಿಯ ಬಾಯಲ್ಲಿ ಜಾಲರಿ ಇದ್ದರೆ ಬಿಚ್ಚಬೇಕು. ನೀರಿಗೆ ಗಾಳಿ ಬೆರೆಸುವುದೇ ಆ ಜಾಲರಿಯ ಕೆಲಸ. ನಲ್ಲಿಗೆ ಒಂದು ಮೆತು ನಳಿಗೆ ಸಿಕ್ಕಿಸಿ, ಅದರ ತುದಿ ಬಕೆಟಿನ ತಳದಲ್ಲಿಟ್ಟ ಗಾಜಿನ ಬಾಟಲಿಯ ತಳ ಮುಟ್ಟುವಂತೆ ಇಳಿಸಬೇಕು. ಹರಿವು ಸಣ್ಣಗಿರಲಿ. ಬಾಟಲಿ ತುಂಬಿ ಉಕ್ಕಿ, ಬಕೆಟು ತುಂಬಿ, ಬಾಟಲಿಯ ಬಾಯಿ ಪೂರ್ತಿ ಮುಳುಗಬೇಕು. ಬಾಟಲಿಯೊಳಗಿನ ನೀರು ಕೆಲವು ಸಲ ಬದಲಾಗುವಷ್ಟು ಹೊತ್ತು ಹಾಗೇ ಹರಿಯಲಿ. ಆಮೇಲೆ ನಳಿಗೆಯನ್ನು ಮೆಲ್ಲಗೆ ಎಳೆದು, ನೀರಿನೊಳಗೇ ಮುಚ್ಚಳ ಬಿಗಿಯಬೇಕು. ಹೊರಗೆ ತೆಗೆದು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದು ನೋಡಬೇಕು. ಮುತ್ತಿನಷ್ಟು ಒಂದು ಗುಳ್ಳೆ ಮೇಲಕ್ಕೆ ಏರಿತೋ, ಚೆಲ್ಲಿ ಮತ್ತೆ ತುಂಬಬೇಕು. ನಲ್ಲಿಯ ಕೆಳಗೆ ಬಾಟಲಿ ಹಿಡಿದು ಮೇಲಿನಿಂದ ನೊರೆ ಬರುವಂತೆ ತುಂಬುವ ನಮ್ಮ ದಿನನಿತ್ಯದ ಅಭ್ಯಾಸಕ್ಕೂ ಇದಕ್ಕೂ ಎಷ್ಟು ಅಂತರ! ಬಾಟಲಿ ಗಾಜಿನದೇ ಆಗಬೇಕು, ಏಕೆಂದರೆ ತೆಳು ಪಾಲಿಥಿನ್ ಗೋಡೆಯ ಮೂಲಕ ರೇಡಾನ್ ನುಸುಳಿ ಹೋಗುತ್ತದೆ.

ಈ ಕೆಲಸ ಮಾಡಲು ವಿಜ್ಞಾನದ ಪದವಿ ಬೇಕಿಲ್ಲ, ತಾಳ್ಮೆ ಬೇಕು. ಹಳ್ಳಿಯ ನೀರುಗಂಟಿಗಳಿಗೆ, ಶಾಲೆಯ ವಿದ್ಯಾರ್ಥಿಗಳಿಗೆ ಒಮ್ಮೆ ತೋರಿಸಿಕೊಟ್ಟರೆ ಅವರು ಇದನ್ನು ಚೊಕ್ಕವಾಗಿ ಮಾಡುತ್ತಾರೆಂಬುದು ನನ್ನ ನಂಬಿಕೆ.

ಇನ್ನು ಎಣಿಕೆ. ಲೀಟರಿಗೆ 100 ಬೆಕ್ವೆರೆಲ್ ಇರುವ ನೀರಿನಲ್ಲಿ ರೇಡಾನ್ ಪರಮಾಣುಗಳು ಸುಮಾರು ನಾಲ್ಕೂಮುಕ್ಕಾಲು ಕೋಟಿ. ಕೇಳಲಿಕ್ಕೆ ದೊಡ್ಡದು. ಆದರೆ ಅದೇ ಲೀಟರಿನಲ್ಲಿರುವ ನೀರಿನ ಅಣುಗಳ ಸಂಖ್ಯೆ ಬರೆಯಲು 33ರ ಮುಂದೆ 24 ಸೊನ್ನೆ ಬೇಕು. ಇಷ್ಟು ವಿರಳವಾದದ್ದನ್ನು ತೂಗುವ ತಕ್ಕಡಿ ಇಲ್ಲ. ರೇಡಾನ್ ಜಡ ಅನಿಲವಾದ್ದರಿಂದ ರಾಸಾಯನಿಕ ಬೆರೆಸಿ ಬಣ್ಣ ಬರಿಸಿ ನೋಡುವ ದಾರಿಯೂ ಇಲ್ಲ. ಪರಮಾಣು ಒಡೆಯುವ ಗಳಿಗೆಯಲ್ಲಿ ಕೊಡುವ ಸುಳಿವೊಂದೇ ನಮಗೆ ಆಧಾರ.

ನಮ್ಮ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ವಿಧಾನದಲ್ಲಿ ಗಾಜಿನ ಬುಡ್ಡಿಯೊಂದಕ್ಕೆ ನೀರನ್ನು ಗಾಳಿ ತಾಕದಂತೆ ಒಳಸೆಳೆದುಕೊಳ್ಳುತ್ತಾರೆ. ಅದರ ತಲೆಗೆ ಒಂದು ಪುಟ್ಟ ಡಬ್ಬಿ ಜೋಡಿಸುತ್ತಾರೆ. ಡಬ್ಬಿಯ ಒಳಗೋಡೆಗೆಲ್ಲ ಜಿಂಕ್ ಸಲ್ಫೈಡ್ ಪುಡಿ ಲೇಪಿಸಿರುತ್ತದೆ, ತಳದಲ್ಲಿ ಪಾರದರ್ಶಕ ಕಿಟಕಿ. 1957ರಲ್ಲಿ ಇದನ್ನು ರೂಪಿಸಿ ಪ್ರಕಟಿಸಿದ ಹೆನ್ರಿ ಲೂಕಾಸ್ ಹೆಸರಿನಲ್ಲಿ ಲೂಕಾಸ್ ಸೆಲ್ ಎನ್ನುತ್ತಾರೆ. ಡಬ್ಬಿಯೊಳಗಿನ ಗಾಳಿಯನ್ನು ಮೊದಲೇ ಹೀರಿ ತೆಗೆದಿರುತ್ತಾರೆ. ಕೀಲಿ ತಿರುಗಿಸಿ, ನೀರಿನ ಕೆಳಗಿನಿಂದ ಸಣ್ಣ ಸಣ್ಣ ಗುಳ್ಳೆಗಳಾಗಿ ಗಾಳಿ ಬಿಟ್ಟರೆ, ಆ ಗುಳ್ಳೆಗಳು ರೇಡಾನನ್ನು ಹೊತ್ತುಕೊಂಡು ಮೇಲಿನ ಡಬ್ಬಿಗೆ ಹೋಗುತ್ತವೆ. ಅಲ್ಲಿ ಪರಮಾಣು ಒಡೆದು ಆಲ್ಫಾ ಕಣ ಗೋಡೆಗೆ ಬಡಿದಾಗ ಜಿಂಕ್ ಸಲ್ಫೈಡ್ ಮಿಣುಕುತ್ತದೆ. ಕತ್ತಲ ಪೆಟ್ಟಿಗೆಯಲ್ಲಿ ಕಿಟಕಿಗೆ ಎದುರಾಗಿ ಕೂತ, ಬೆಳಕನ್ನು ಗುರುತಿಸುವ ನಳಿಗೆ ಒಂದೊಂದೇ ಮಿಣುಕನ್ನು ಎಣಿಸುತ್ತದೆ.

ಆದರೆ ಡಬ್ಬಿ ತುಂಬಿದ ಕೂಡಲೆ ಎಣಿಸುವುದಿಲ್ಲ, ಮೂರು ಗಂಟೆ ಕಾಯುತ್ತಾರೆ. ರೇಡಾನ್ ಒಡೆದ ಮೇಲೆ ಕತೆ ಮುಗಿಯುವುದಿಲ್ಲವಲ್ಲ! ಅದು ಪೊಲೋನಿಯಂ ಆಗುತ್ತದೆ, ಅದು ಮೂರು ನಿಮಿಷದಲ್ಲಿ ಅರ್ಧವಾಗುತ್ತಾ ಸೀಸವಾಗುತ್ತದೆ, ಸೀಸ ಬಿಸ್ಮತ್ ಆಗುತ್ತದೆ, ಅದು ಮತ್ತೊಂದು ಪೊಲೋನಿಯಂ. ಈ ಮರಿಗಳೆಲ್ಲ ತಾಯಿಯ ಜೊತೆ ಸಮತೋಲಕ್ಕೆ ಬರಲು ಮೂರು ಗಂಟೆ ಹಿಡಿಯುತ್ತದೆ. ಆಮೇಲೆ ಒಂದೊಂದು ರೇಡಾನಿಗೆ ಮೂರು ಮೂರು ಆಲ್ಫಾ ಸಿಗುತ್ತವೆ, ಎಣಿಕೆಯೂ ಸ್ಥಿರವಾಗುತ್ತದೆ. ಎಣಿಸಿ ಮುಗಿದ ಮೇಲೆ ಡಬ್ಬಿಯನ್ನು ಗಾಳಿಯಿಂದ ತೊಳೆಯಬೇಕು, ಖಾಲಿ ಡಬ್ಬಿಯನ್ನೂ ಎಣಿಸಬೇಕು. ಸರಪಳಿಯ ಕೊನೆಯ ಕಡೆ 22 ವರ್ಷ ಅರ್ಧಾಯುಷ್ಯದ ಸೀಸವೊಂದಿದೆ. ಅದು ಗೋಡೆಗೆ ಅಂಟಿ ವರ್ಷ ವರ್ಷಕ್ಕೂ ಡಬ್ಬಿಯ ಸ್ವಂತ ಎಣಿಕೆಯನ್ನು ಏರಿಸುತ್ತಾ ಹೋಗುತ್ತದೆ.

ಇನ್ನೆರಡು ವಿಧಾನಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಒಂದರಲ್ಲಿ 10 ಮಿಲಿಲೀಟರ್ ನೀರನ್ನು ಸಿರಿಂಜಿನಿಂದ, ಮಿಣುಕುವ ಎಣ್ಣೆಯಂಥ ದ್ರವದ ಅಡಿಗೆ ಬಿಡುತ್ತಾರೆ. ರೇಡಾನಿಗೆ ನೀರಿಗಿಂತ ಎಣ್ಣೆಯೇ ಇಷ್ಟ, ಅದರೊಳಗೆ ಹೋಗಿ ಸೇರುತ್ತದೆ. ಇಲ್ಲೂ ಮೂರು ಗಂಟೆ ಕಾದು ಎಣಿಸುತ್ತಾರೆ. ಒಂದೇ ದಿನ ಹತ್ತಾರು ಬಾಟಲಿ ಅಳೆಯಬೇಕಾದವರಿಗೆ ಇದು ಅನುಕೂಲ. ಇನ್ನೊಂದು, ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದ ಯಂತ್ರ. ನೀರಿನ ಮೂಲಕ ಗಾಳಿಯನ್ನು ಸುತ್ತಿಸುತ್ತಾ, ಪೊಲೋನಿಯಂ ಪರಮಾಣುಗಳನ್ನು ವಿದ್ಯುತ್ ಸೆಳೆತದಿಂದ ಸಿಲಿಕಾನ್ ಪಟ್ಟಿಯ ಮೇಲೆ ಕೂರಿಸಿ, ಅರ್ಧ ಗಂಟೆಯಲ್ಲಿ ಬೋರ್‌ವೆಲ್ ಪಕ್ಕದಲ್ಲೇ ಅಂಕಿ ಕೊಡುತ್ತದೆ. ಯಾವ ಯಂತ್ರವಾದರೂ ಒಂದು ನಿಯಮಕ್ಕೆ ಕಟ್ಟುಬಿದ್ದಿದೆ: 100 ಎಣಿಸಿದರೆ ಅದರಲ್ಲಿ ಹತ್ತರ ಆಚೀಚೆ ಸಹಜ, 10,000 ಎಣಿಸಿದರೆ ನೂರರ ಆಚೀಚೆ. ಮೊದಲನೆಯದರಲ್ಲಿ ನೂರಕ್ಕೆ ಹತ್ತು ಸಂದೇಹ, ಎರಡನೆಯದರಲ್ಲಿ ನೂರಕ್ಕೆ ಒಂದು. ಹಾಗಾಗಿ ಆಚೀಚೆ ಎಷ್ಟೆಂದು ಹೇಳದೆ ಬರೀ ಒಂದು ಅಂಕಿ ಕೊಟ್ಟ ವರದಿಯನ್ನು ನಾನು ಅರ್ಧ ವರದಿ ಎಂದೇ ಎಣಿಸುತ್ತೇನೆ.

ಎಷ್ಟಿದ್ದರೆ ಹೆಚ್ಚು? ಈ ಬಗ್ಗೆ ಲೋಕದಲ್ಲಿ ಒಮ್ಮತವಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1999ರಲ್ಲಿ ಲೀಟರಿಗೆ 300 ಪಿಕೊಕ್ಯೂರಿ, ಎಂದರೆ ಸುಮಾರು 11 ಬೆಕ್ವೆರೆಲ್ ಮಿತಿಯನ್ನು ಸೂಚಿಸಿತು. ಮನೆಯ ಗಾಳಿಯ ರೇಡಾನನ್ನು ತಗ್ಗಿಸುವ ಕಾರ್ಯಕ್ರಮ ಇರುವಲ್ಲಿ 4,000 ಪಿಕೊಕ್ಯೂರಿ, ಸುಮಾರು 148 ಬೆಕ್ವೆರೆಲ್ ವರೆಗೂ ಇರಬಹುದೆಂದಿತು. ಆ ಸೂಚನೆ ಕಾಯಿದೆಯಾಗಲೇ ಇಲ್ಲ. ಯುರೋಪಿನ ಒಕ್ಕೂಟ 2013ರಲ್ಲಿ 100 ಬೆಕ್ವೆರೆಲ್ ಎಂದು ಇಟ್ಟುಕೊಂಡಿತು. 1,000 ದಾಟಿದರೆ ಬೇರೆ ಯೋಚನೆಯಿಲ್ಲದೆ ಪರಿಹಾರ ಕೈಗೊಳ್ಳಬೇಕೆಂದಿತು. ನಮ್ಮ ಐಎಸ್ 10500ರಲ್ಲಿ ರೇಡಾನಿಗೆ ಪ್ರತ್ಯೇಕ ಮಿತಿಯಿಲ್ಲ.

ಈ ಗೊಂದಲದ ಮೂಲ ಇರುವುದು ಒಂದು ಸಂಗತಿಯಲ್ಲಿ: ನೀರಿನ ರೇಡಾನಿನಿಂದ ಆಗುವ ಅಪಾಯದ ಹೆಚ್ಚಿನ ಪಾಲು ಕುಡಿಯುವುದರಿಂದ ಬರುವುದಿಲ್ಲ. ಕುಡಿದದ್ದು ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಉಸಿರಿಗೆ ಹೋಗಿ ಬಹುಬೇಗ ಹೊರಬೀಳುತ್ತದೆ. ಸ್ನಾನ, ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಇವುಗಳಿಂದ ಗಾಳಿಗೆ ಸೇರಿದ್ದನ್ನು ನಾವು ಉಸಿರಾಡುತ್ತೇವೆ. ಅದರ ಮರಿಗಳು ಶ್ವಾಸಕೋಶದ ಗೋಡೆಗೆ ಅಂಟಿ ಅಲ್ಲೇ ಒಡೆಯುತ್ತವೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1999ರಲ್ಲಿ ಲೆಕ್ಕ ಹಾಕಿದಂತೆ, ನೀರಿನ ರೇಡಾನಿನಿಂದಾಗುವ ಕ್ಯಾನ್ಸರ್ ಸಾವುಗಳಲ್ಲಿ ನೂರಕ್ಕೆ 89 ಶ್ವಾಸಕೋಶದವು, 11 ಹೊಟ್ಟೆಯವು. ನೀರಿನ ರೇಡಾನ್ ಸಾಂದ್ರತೆಯ ಹತ್ತು ಸಾವಿರದ ಒಂದು ಭಾಗದಷ್ಟು ಸಾಂದ್ರತೆ ಮನೆಯ ಗಾಳಿಗೆ ಸೇರುತ್ತದೆಂಬುದು ಒಪ್ಪಿತವಾದ ಸರಾಸರಿ. ಲೀಟರಿಗೆ 100 ಬೆಕ್ವೆರೆಲ್ ಇರುವ ನೀರು ಒಂದು ಘನಮೀಟರ್ ಗಾಳಿಗೆ ಸುಮಾರು 10 ಬೆಕ್ವೆರೆಲ್ ಕೂಡಿಸುತ್ತದೆ. 1,000 ಇದ್ದರೆ 100. ಮನೆಯ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ ಅಷ್ಟೇ: ಘನಮೀಟರಿಗೆ 100.

ಈ ಲೆಕ್ಕ ಕೈಯಲ್ಲಿಟ್ಟುಕೊಂಡು ಬೆಂಗಳೂರಿಗೆ ಬನ್ನಿ. ನಗರದ ಕೆಲವು ಭಾಗಗಳ ಅಂತರ್ಜಲವನ್ನು ಅಳೆದ ಅಧ್ಯಯನವೊಂದು 2010ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಡ ಪ್ರಮಾಣ ಲೀಟರಿಗೆ ಸುಮಾರು 56ರಿಂದ 1,189 ಬೆಕ್ವೆರೆಲ್. ಮೇಲಿನ ಅಂಕಿಯನ್ನು ಅಮೆರಿಕದ 11ರ ಪಕ್ಕದಲ್ಲಿ ಇಟ್ಟರೆ ನೂರು ಪಟ್ಟು, ಎದೆ ಧಸಕ್ಕೆನ್ನುತ್ತದೆ. ಆ 11 ಕಾಯಿದೆಯಾಗದ ಸೂಚನೆ ಮಾತ್ರ. ಹಾಗೆಂದು ಇದು ತಳ್ಳಿಹಾಕುವ ಅಂಕಿಯೂ ಅಲ್ಲ. ಯುರೋಪಿನ ಮೇಲಿನ ಗಡಿಯನ್ನೇ ದಾಟಿದೆ. ಆದರೆ ಇದು ಅಂತರ್ಜಲದ ಅಳತೆ, ಅಡಿಗೆಮನೆಯ ಲೋಟದ್ದಲ್ಲ. ಬೋರಿನ ನೀರು ಸಂಪಿಗೆ ಧಾರೆಯಾಗಿ ಬೀಳುತ್ತದೆ, ಅಲ್ಲಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿ ಮತ್ತೆ ಬೀಳುತ್ತದೆ. ಪ್ರತಿ ಬೀಳಿನಲ್ಲೂ ಅನಿಲ ಹೋಗುತ್ತದೆ. ಟ್ಯಾಂಕಿಲ್ಲದೆ ಪಂಪಿನಿಂದ ನೇರ ನಲ್ಲಿಗೆ ಬರುವ ಮನೆಯಲ್ಲಿ ಹಾಗಾಗುವುದಿಲ್ಲ. ಕಾವೇರಿ ನೀರು ಬರುವ ಮನೆಯವರಿಗೆ ಈ ಚಿಂತೆಯೇ ಬೇಡ. ಹರಿಯುವ ನದಿಯ ನೀರಿನಲ್ಲಿ ರೇಡಾನ್ ನಿಲ್ಲುವುದಿಲ್ಲ.

ಆದಕಾರಣ ಒಂದು ಬಾಟಲಿ ಸಾಲದು, ಎರಡು ಬೇಕು. ಒಂದು ಪಂಪಿನ ಬಾಯಲ್ಲಿ, ಇನ್ನೊಂದು ಅಡಿಗೆಮನೆಯ ನಲ್ಲಿಯಲ್ಲಿ, ಒಂದೇ ದಿನ, ಒಂದೇ ಕ್ರಮದಲ್ಲಿ. ಮೊದಲನೆಯದು ಬಂಡೆಯ ಕತೆ ಹೇಳುತ್ತದೆ, ಎರಡನೆಯದು ಮನೆಯ ಕತೆ. ಮಳೆಗಾಲಕ್ಕೂ ಬೇಸಿಗೆಗೂ ಅಂಕಿ ಬದಲಾಗುವುದುಂಟು. ಹಾಗಾಗಿ ಸಾಧ್ಯವಾದರೆ ವರ್ಷದಲ್ಲಿ ಎರಡು ಸಲ. ಬೋರ್‌ವೆಲ್ಲನ್ನೇ ನಂಬಿದ ನಮ್ಮ ಹಳ್ಳಿಗಳಲ್ಲಿ, ಬಡಾವಣೆಗಳಲ್ಲಿ ಇಂಥ ಜೋಡಿ ಅಳತೆಗಳು ವಾರ್ಡುವಾರು ಆಗಬೇಕೆಂದು ನಾನು ಬಹಳ ಕಾಲದಿಂದ ಬಯಸುತ್ತಿದ್ದೇನೆ. ಫ್ಲೋರೈಡನ್ನು ಅಳೆದಂತೆ ಇದನ್ನೂ ಅಳೆಯಬಹುದು.

ಅಂಕಿ ಹೆಚ್ಚು ಬಂದರೆ ಏನು ಮಾಡುವುದು ಎಂದು ಕೇಳುವಿರಿ. ಮನೆಯಲ್ಲಿ ಕೂರಿಸಿದ ಆರ್‌ಓ ಯಂತ್ರ ಇದಕ್ಕೆ ಉತ್ತರವಲ್ಲ. ಉಪ್ಪನ್ನು ತಡೆಯುವ ಅದರ ಪೊರೆ ಅನಿಲವನ್ನು ತಡೆಯುವುದಿಲ್ಲ. ಇದ್ದಿಲಿನ ಸೋಸುಕ ರೇಡಾನನ್ನು ಹಿಡಿಯುತ್ತದೆ, ನಿಜ. ಆದರೆ ಹಿಡಿದದ್ದು ಅದರೊಳಗೇ ಒಡೆದು ಮರಿಗಳು ತುಂಬಿ, ಸೋಸುಕವೇ ಗಾಮಾ ಕಿರಣ ಸೂಸಲು ತೊಡಗುತ್ತದೆ. ರೇಡಾನ್ ಬಹಳವಿರುವ ನೀರಿಗೆ ಅದನ್ನು ಅಡಿಗೆಮನೆಯ ಗೋಡೆಗೆ ಕೂರಿಸಬಾರದು. ಒಳ್ಳೆಯ ದಾರಿ ಗಾಳಿಯದೇ. ಬೋರಿನ ನೀರನ್ನು ಸಂಪಿಗೋ ಟ್ಯಾಂಕಿಗೋ ಬಿಡುವಾಗ ತೂತುಗಳಿರುವ ಪೈಪಿನಿಂದ ತುಂತುರಾಗಿ ಬೀಳಿಸಿ, ಆ ಟ್ಯಾಂಕಿಗೆ ಹೊರಗಿನ ಗಾಳಿಯಾಡುವ ಕಿಂಡಿ ಇಡಿ. ಚೆನ್ನಾಗಿ ಕಟ್ಟಿದ ಗಾಳಿಯಾಡಿಸುವ ಏರ್ಪಾಟು ನೂರರಲ್ಲಿ 95ಕ್ಕಿಂತ ಹೆಚ್ಚು ರೇಡಾನನ್ನು ತೆಗೆಯುತ್ತದೆ. ಕಿಂಡಿ ಮನೆಯೊಳಕ್ಕೆ ತೆರೆಯದಿರಲಿ. ಬಚ್ಚಲುಮನೆಯ ಕಿಟಕಿ ಸ್ನಾನದ ಹೊತ್ತಿನಲ್ಲೂ ಒಂದಿಷ್ಟು ತೆರೆದಿರಲಿ. ಕುಡಿಯುವ ನೀರನ್ನು ಕುದಿಸಿ ಆರಿಸುವ ಅಭ್ಯಾಸವಿದ್ದರೆ ಆ ನೀರಿನ ರೇಡಾನ್ ಒಲೆಯ ಮೇಲೇ ಹೊರಟುಹೋಗಿರುತ್ತದೆ. ಒಲೆಯ ಪಕ್ಕದ ಕಿಟಕಿ ಮುಚ್ಚಿರಬಾರದು ಅಷ್ಟೆ. ಹೀಗೆ ಏರ್ಪಾಟು ಮಾಡಿಕೊಂಡ ಮೇಲೆ ಅಡಿಗೆಮನೆಯ ನಲ್ಲಿಯಿಂದ ಮತ್ತೊಂದು ಬಾಟಲಿ ತುಂಬಿ, ವೇಳೆ ಬರೆದು, ಅದೇ ಪ್ರಯೋಗಾಲಯಕ್ಕೆ ಕೊಡಿ.